ಇಡ್ಲಿಯಮ್ಮನ ಮೂರನೇ ಚರಣ

ಬೂತಾಯಿ ಮೀನನ್ನು ಎಣ್ಣೆಯಲ್ಲಿ ಕಾಯಿಸಿದರೆ ಒಂದು ವಾಸನೆ, ಕೆಂಡದ ಮೇಲೆ ಸುಟ್ಟರೆ ಬೇರೆಯೇ ವಾಸನೆ. ಮೊನ್ನೆ ಆಮ್ಸ್ಟರ್‌ಡ್ಯಾಮಿನ ಪಕ್ಕದ ಆಮ್ಸ್ಟೆಲ್‌ವೀನಿನ ಮಗಳ ಮನೆಗೆ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಆ ಎರಡನೇ ವಾಸನೆ ಬಂತು. ಮಗಳು ಸುಜಾತ ಓಡಿ ಹೋಗಿ ಅಡಿಗೆಮನೆಯ ಕಿಟಕಿ ಹಾಕಿದಳು. ಬಟ್ಟೆಗೆಲ್ಲ ಹಿಡಿಯುತ್ತದಂತೆ. ಊರಿನಲ್ಲಿ ಬೂತಾಯಿ ಸಾರಿನ ಪಾತ್ರೆಯನ್ನು ಬೆರಳಿನಿಂದ ಬಳಿದು ತಿಂದ ಹುಡುಗಿ ಇವಳು. "ತೆಗಿ ಅದನ್ನು" ಅಂದೆ.

ಪಕ್ಕದ ಮನೆಯವಳು ಚೆನ್ನಾಗಿದ್ದಾಳೆ ಅಂತ ಸುಜಾತ ಫೋನಿನಲ್ಲಿ ಹೇಳುತ್ತಲೇ ಇದ್ದಳು. ಫೋನಿನಲ್ಲಿ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ. ವಾಸನೆ ಬಂದ ಮೇಲೆ ನಾನು ನಂಬಿದೆ. ಹಾಸಿಗೆ ಹಿಡಿದವಳು ಬಾಲ್ಕನಿಯಲ್ಲಿ ಕೂತು ಬೂತಾಯಿ ಸುಡುವುದಿಲ್ಲ.

ಎರಡು ವರ್ಷದ ಹಿಂದೆ ನಾನು ಮೊದಲ ಸಲ ಬಂದದ್ದು ಸುಜಾತನ ಎರಡನೇ ಬಾಣಂತನಕ್ಕೆ. ವೀಸಾ ತೊಂಬತ್ತು ದಿನದ್ದು. ಆಗಸ್ಟ್ ಕೊನೆಗೆ ಬಂದವಳು ನವೆಂಬರ್ ಮೂರನೇ ವಾರಕ್ಕೆ ಹೊರಡಬೇಕು. ಅಳಿಯ ಬೆಳಿಗ್ಗೆ ಹೂಫ್‌ಡಾರ್ಪಿನ ಆಫೀಸಿಗೆ ಹೋದರೆ ಸಂಜೆಗೆ ಬರುವುದು. ದೊಡ್ಡ ಮೊಮ್ಮಗಳು ಇಂಚರನಿಗೆ ಆಗ ಎಂಟು ವರ್ಷ, ಅವಳು ಶಾಲೆಗೆ. ಮಗುವನ್ನು ಮೀಯಿಸುವುದು, ಬಾಣಂತಿಗೆ ಕಷಾಯ ಕುದಿಸುವುದು, ಒಣಗದ ಬಟ್ಟೆಯನ್ನು ಈ ಕೋಣೆಯಿಂದ ಆ ಕೋಣೆಗೆ ಹೊರುವುದು ನನ್ನ ಕೆಲಸ. ಇಲ್ಲಿಯ ಮಳೆ ಮಳೆಯೇ ಅಲ್ಲ. ನಮ್ಮಲ್ಲಿ ಬಂದರೆ ಬಂದು ಮುಗಿಸುತ್ತದೆ. ಇಲ್ಲಿ ಮಾತು ಮುಗಿಸಲು ಗೊತ್ತಿಲ್ಲದ ನೆಂಟರ ಹಾಗೆ ದಿನವಿಡೀ ಬಾಗಿಲಲ್ಲೇ ನಿಂತಿರುತ್ತದೆ. ಜೊತೆಗೆ ಗಾಳಿ.

ಆ ಗಾಳಿಯಿಂದಲೇ ಅವಳ ಪರಿಚಯ ಆದದ್ದು. ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ ಸುಜಾತ ಮಗುವನ್ನು ತೂಕ ನೋಡಿಸಲು ಕರಕೊಂಡು ಹೋಗಿದ್ದಳು. ನಮ್ಮದು ಮೂರನೇ ಮಾಳಿಗೆ. ಎಲ್ಲಾ ಮನೆಗಳ ಮುಂದೆ ಒಂದೇ ಉದ್ದದ ತೆರೆದ ಜಗಲಿ. ಅಲ್ಲಿ ದಡ್ಡಂತ ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಪಕ್ಕದ ಮನೆಯ ಮುದುಕಿ, ಮನೆಯೊಳಗೆ ಹಾಕುವ ತೆಳು ಚಪ್ಪಲಿಯಲ್ಲಿ, ಕೈಯಲ್ಲಿ ಖಾಲಿ ಬಾಲ್ದಿ ಹಿಡಿದು ನಿಂತಿದ್ದಾಳೆ. ಜಗಲಿ ತೊಳೆಯಲು ಬಂದಿದ್ದಾಳೆ, ಗಾಳಿ ಬಾಗಿಲು ಹಾಕಿಬಿಟ್ಟಿದೆ. ಇಲ್ಲಿಯ ಬಾಗಿಲು ಒಮ್ಮೆ ಬಿದ್ದರೆ ಬಿತ್ತು. ನನ್ನನ್ನು ನೋಡಿ ಡಚ್ಚಿನಲ್ಲಿ ಏನೋ ಹೇಳಿದಳು. ನಾನು ತಲೆ ಅಲ್ಲಾಡಿಸಿದೆ. ಆಮೇಲೆ ಅವಳು ತನಗೆ ತಾನೇ ಬೈದುಕೊಂಡಳು. ಆ ಬೈಗುಳದ ನಡುವೆ "ಶಾವ್, ಶಾವ್" ಅಂತ ಬರುತ್ತಿತ್ತು, ಕೈ ಬೀಗ ತಿರುಗಿಸುವ ಹಾಗೆ ಮಾಡುತ್ತಿತ್ತು.

"ಚಾವಿಯಾ? ಒಳಗೆ ಉಂಟಾ?" ಅಂದೆ.

ಅವಳು ಬೈಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ನಾನು ಬಾಲ್ದಿ ತೋರಿಸಿ ಬಾಲ್ದಿ ಅಂದೆ. ಅವಳೂ ಅದನ್ನೇ ಅಂದಳು, ಬಾಲ ಸ್ವಲ್ಪ ಮೋಟು ಮಾಡಿ. ಒಳಗೆ ಕರೆದು ಕೂರಿಸಿದೆ. ತಲೆ ಒರಸಿಕೊಳ್ಳಲು ತುವಾಲು ಕೊಟ್ಟರೆ ಅದಕ್ಕೂ ಅವಳದು ಹತ್ತಿರದ ಮಾತು. ಮೇಜಿಗೆ ಮೇಝ, ಸಾಬೂನಿಗೆ ಸಬಾಂವ್. ನಾನು ಬಟಾಟೆ ಸುಲಿಯುತ್ತಿದ್ದೆ. ಬಟಾಟ ಅಂತ ಹೇಳಿ ಅವಳೂ ಒಂದು ಚೂರಿ ಎತ್ತಿಕೊಂಡಳು. ಸುಜಾತ ಬರುವಾಗ ನಾವಿಬ್ಬರೂ ಒಂದು ಬುಟ್ಟಿ ಬಟಾಟೆ ಸುಲಿದು ಮುಗಿಸಿ ಮನೆಯ ಸಾಮಾನು ಒಂದೊಂದನ್ನೇ ತೋರಿಸಿ ಹೆಸರು ಹೇಳುತ್ತಾ ನಗುತ್ತಿದ್ದೆವು.

ಅವಳು ಪೋರ್ಚುಗಲ್ಲಿನವಳು, ಇವೆಲ್ಲ ಹಿಂದೆ ಅವರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದ ಮಾತುಗಳು ಅಂತ ಸುಜಾತ ಹೇಳಿದಳು. ಇರಬಹುದು. ಬಾಲ್ದಿ ನಮ್ಮದೇ ಅಂತ ನಾನು ತಿಳಿದಿದ್ದೆ.

ಹೆಸರಿನಲ್ಲಿ ಮಾತ್ರ ಎಡವಟ್ಟಾಯಿತು. ಅವಳು ಎದೆಗೆ ಕೈ ಇಟ್ಟು ಇದಲೀನಾ ಅಂದಳು. ನನ್ನ ಕಿವಿಗೆ ಇಡ್ಲಿ ಅಂತಲೇ ಬಿದ್ದದ್ದು. ನಾನು ಗಿರಿಜ ಅಂದೆ. ಅವಳು ಹುಬ್ಬು ಏರಿಸಿ "ಇಗ್ರೇಜಾ?" ಅಂತ ಕೇಳಿ ಶಿಲುಬೆಯ ಹಾಗೆ ಕೈ ಮಾಡಿದಳು. ನಮ್ಮಲ್ಲಿ ಕ್ರಿಶ್ಚಿಯನ್ನರು ಚರ್ಚಿಗೆ ಇಗರ್ಜಿ ಅನ್ನುತ್ತಾರಲ್ಲ, ಅದೇ ಮಾತು. ಅಲ್ಲ ಅಂದರೂ ಅವಳು ಬಿಡಲಿಲ್ಲ. ಅಂದಿನಿಂದ ನಾನು ಇಗರ್ಜಿ, ಅವಳು ಇಡ್ಲಿಯಮ್ಮ.

ಆಮೇಲೆ ದಿನಾ ಬೆಳಿಗ್ಗೆ ಮಗು ಮಿಂದು ಮಲಗಿದ ಮೇಲೆ ಅವಳು ಬರುವುದು, ಇಲ್ಲದಿದ್ದರೆ ನಾನು ಹೋಗುವುದು. ಅವಳ ಮನೆಯ ಗೋಡೆಯಲ್ಲಿ ಒಂದು ಫೋಟೋ ಇತ್ತು. ಕಪ್ಪು ಶಾಲು ಹೊದ್ದ ಹೆಂಗಸು, ಗಲ್ಲ ಮೇಲೆ, ಕಣ್ಣು ಮುಚ್ಚಿದೆ, ಎರಡು ಕೈಯನ್ನೂ ಹೊಟ್ಟೆಯ ಮುಂದೆ ಹಿಡಿದಿದ್ದಾಳೆ. ಹಿಂದೆ ಒಬ್ಬ ಗಂಡಸು, ತೊಡೆಯ ಮೇಲೆ ಕುಂಬಳಕಾಯಿ ಹೊಟ್ಟೆಯ ಗಿಟಾರು. ಹೊಟ್ಟೆನೋವಿನಲ್ಲಿ ದೇವರನ್ನು ಕರೆಯುತ್ತಿದ್ದಾಳೆ ಅಂತ ನಾನು ತಿಳಿದುಕೊಂಡೆ. ಶಾಲೆಯಿಂದ ಬಂದ ಇಂಚರ ಡಚ್ಚಿನಲ್ಲಿ ಕೇಳಿ ಹೇಳಿದಳು: "ಅಜ್ಜಿ, ಅದು ಅವರೇ. ಸಿಂಗರ್ ಆಗಿದ್ರಂತೆ."

ಮುಂದಿನ ಕಥೆ ಒಂದೇ ದಿನದಲ್ಲಿ ಬಂದದ್ದಲ್ಲ. ಅವಳು ಡಚ್ಚಿನಲ್ಲಿ ಹೇಳುವುದು, ಇಂಚರ ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಮಾಡುವುದು, ಉಳಿದದ್ದನ್ನು ಸುಜಾತ ಸರಿಮಾಡುವುದು, ಹಾಗೆ ಹದಿನೈದು ದಿನ ಹಿಡಿಯಿತು.

ಅವಳ ತಾಯಿ ಲಿಸ್ಬನ್ನಿನಲ್ಲಿ ತಲೆಯ ಮೇಲೆ ಬುಟ್ಟಿ ಇಟ್ಟು ಮೀನು ಮಾರುತ್ತಿದ್ದವಳು. ಅಪ್ಪ ಕುಡುಕ. ಹನ್ನೆರಡನೇ ವಯಸ್ಸಿನಲ್ಲಿ ಅಪ್ಪನನ್ನು ಕರೆತರಲು ಇವಳನ್ನು ಹೆಂಡದಂಗಡಿಗೆ ಕಳಿಸಿದರು. ಅಲ್ಲಿ ಗಲಾಟೆಯಲ್ಲಿ ಇವಳ ಮಾತು ಯಾರಿಗೂ ಕೇಳಿಸಲಿಲ್ಲ. ಬಾಗಿಲಲ್ಲೇ ನಿಂತು ಓಣಿಯಲ್ಲಿ ಕೇಳಿ ಕಲಿತ ಒಂದು ಹಾಡು ಎತ್ತಿದಳು. ಅಂಗಡಿ ಸ್ತಬ್ಧ ಆಯಿತು. ಹಾಡು ಮುಗಿದಾಗ ಅಪ್ಪ ಎದ್ದು ಬಂದು ಕೈ ಹಿಡಿದ. ಬರುವ ಭಾನುವಾರವೂ ಬಾ ಅಂತ ಅಂಗಡಿಯವನು ಹೇಳಿದ. ಆ ತರದ ಹಾಡಿಗೆ ಫಾದೊ ಅಂತ ಹೆಸರು, ಹಣೆಬರಹ ಅಂತ ಅರ್ಥವಂತೆ. ಇಪ್ಪತ್ತು ವರ್ಷಕ್ಕೆ ಒಂದು ಫಾದೊ ಹೋಟೆಲಿನಲ್ಲಿ ಕೆಲಸ ಸಿಕ್ಕಿತು. ಏಪ್ರನ್ ಕಟ್ಟಿಕೊಂಡು ಊಟದ ತಟ್ಟೆ ಹೊರುವುದು, ದೀಪ ಸಣ್ಣ ಮಾಡಿದಾಗ ಏಪ್ರನ್ ತೆಗೆದು ಶಾಲು ಹೊದ್ದು ಮೂರು ಹಾಡು ಹಾಡುವುದು, ಮತ್ತೆ ಏಪ್ರನ್ ಕಟ್ಟಿ ತಟ್ಟೆ ಎತ್ತುವುದು. ಅಲ್ಲಿ ಗಿಟಾರು ಬಾರಿಸುವವನನ್ನೇ ಮದುವೆಯಾದಳು. ಗಂಡನಿಗೆ ರಾಟರ್ಡ್ಯಾಮಿನಲ್ಲಿ ಹಡಗು ರಿಪೇರಿಯ ಕೆಲಸ ಸಿಕ್ಕಿ ಇಬ್ಬರೂ ಈ ದೇಶಕ್ಕೆ ಬಂದರು. ಮಕ್ಕಳಾಗಲಿಲ್ಲ. ಇವಳು ವಾರವಿಡೀ ಹೂಫ್‌ಡಾರ್ಪಿನ ಆಫೀಸುಗಳ ನೆಲ ಒರಸಿದಳು, ಶನಿವಾರ ಭಾನುವಾರ ಹಾಡಿದಳು. ಎಲ್ಲೆಲ್ಲಿ ಪೋರ್ಚುಗಲ್ಲಿನ ಕೂಲಿಗಳ ಸಂಘ ಉಂಟೋ ಅಲ್ಲಿಗೆಲ್ಲ ರೈಲಿನಲ್ಲಿ ಹೋಗುವುದು, ಗಿಟಾರಿಗೂ ಒಂದು ಸೀಟು. ಒಂದು ರೆಕಾರ್ಡೂ ಆಗಿದೆ, ಅದರ ಮೇಲೆ ಇವಳ ಮುಖ. ಅಳಿಯ ಕೂರುವ ಆಫೀಸನ್ನೂ ಇವಳೇ ಒರಸಿದ್ದಾಳೋ ಏನೋ.

ಫಾದೊಗೆ ಒಂದು ಕಟ್ಟಳೆ ಉಂಟು. ಹಾಡುವಾಗ ಯಾರೂ ಉಸಿರೆತ್ತಬಾರದು, ತಿನ್ನಬಾರದು, ಚಮಚ ಮುಟ್ಟಬಾರದು. ಒಮ್ಮೆ ಯಾರೋ ದೊಡ್ಡ ಮನುಷ್ಯ ತಿನ್ನುತ್ತಾ ಮಾತಾಡುತ್ತಿದ್ದನಂತೆ. ಇವಳು ಹಾಡು ನಿಲ್ಲಿಸಿ ಅವನನ್ನು ನೋಡುತ್ತಾ ನಿಂತಳು. ಅವನು ಕೈಯ ಮುಳ್ಳುಚಮಚ ಕೆಳಗಿಟ್ಟ ಮೇಲೆ ಮೊದಲಿನಿಂದ ಶುರು ಮಾಡಿದಳು. ಆ ಕಥೆ ಹೇಳುವಾಗ ಅವಳ ಮುಖ ನೋಡಬೇಕಿತ್ತು, ಕೋಳಿ ಅಂಕದಲ್ಲಿ ಗೆದ್ದವರ ಹಾಗೆ.

ಗಂಡ ಸತ್ತು ಕೆಲವು ವರ್ಷ ಆದ ಮೇಲೆ ಒಂದು ದಿನ ಆಮ್ಸ್ಟರ್‌ಡ್ಯಾಮಿನ ಸಂಘದ ಹಾಲಿನಲ್ಲಿ ಹಾಡುತ್ತಿದ್ದಳು. ನೂರಾರು ಸಲ ಹಾಡಿದ ಹಾಡು. ಮೂರನೇ ಚರಣಕ್ಕೆ ಬರುವಾಗ ಸಾಲು ಮರೆತುಹೋಯಿತು. ಗಿಟಾರು ಕಾಯುತ್ತಿದೆ, ಜನ ಕಟ್ಟಳೆಯ ಪ್ರಕಾರ ಬಾಯಿ ಮುಚ್ಚಿ ಕೂತಿದ್ದಾರೆ. ಯಾರೂ ಒಂದು ಅಕ್ಷರ ಎತ್ತಿಕೊಡಲಿಲ್ಲ. ಅವಳೇ ಕಲಿಸಿದ ಮೌನ ಅವಳ ಕುತ್ತಿಗೆ ಹಿಡಿಯಿತು. ಶಾಲನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿಟ್ಟು ನಡೆದುಬಂದಳು. ಆಮೇಲೆ ಮೂರು ವರ್ಷ ಹಾಡಿಲ್ಲ. ಡಾಕ್ಟರು ತಲೆಯ ಪರೀಕ್ಷೆ ಮಾಡಿ, ರೋಗ ಇಲ್ಲ, ವಯಸ್ಸು ಅಂದರು. ಶಾಲು ನುಸಿಗುಳಿಗೆಯ ಜೊತೆ ಪೆಟ್ಟಿಗೆಗೆ ಹೋಯಿತು.

ಇಷ್ಟು ಕೇಳಿ ನಾನು ಇಂಚರನ ಹತ್ತಿರ, "ಇದೆಂತ ಪೊಟ್ಟು ಹಾಡು, ಕೇಳುವವರೆಲ್ಲ ಮೂಕರಾ ಅಂತ ಕೇಳು" ಅಂದೆ. ಅವಳು ಏನಂತ ಕೇಳಿದಳೋ. ನಾನು ಓದಿದ್ದು ಮೂರನೇ ಕ್ಲಾಸು, ಹತ್ತನೇ ವಯಸ್ಸಿನಿಂದ ಧಣಿಗಳ ಗದ್ದೆಯಲ್ಲಿ ನೇಜಿ ನೆಟ್ಟವಳು. ಇಪ್ಪತ್ತು ಹೆಂಗಸರು ಸಾಲಾಗಿ ಬಗ್ಗಿ ನೆಡುವಾಗ ಒಬ್ಬಳು ಹಾಡು ಹೇಳುತ್ತಾಳೆ, ಉಳಿದವರು "ಓ ಬೇಲೇ" ಅಂತ ಓಗೊಡುತ್ತಾರೆ. ಬೇಲೆ ಅಂದರೆ ತುಳುವಿನಲ್ಲಿ ಕೆಲಸ. ಹೇಳುವವಳಿಗೆ ಸಾಲು ಮರೆತರೆ ಏನೂ ಆಗುವುದಿಲ್ಲ. ನೆನಪಾಗುವ ತನಕ ನಾವು ಓ ಅನ್ನುತ್ತಲೇ ಇರುತ್ತೇವೆ. ಗದ್ದೆಯ ಆ ಬದಿಯಲ್ಲಿ ನಿಂತ ಧಣಿಗೆ ಅವಳು ಮರೆತದ್ದೇ ಗೊತ್ತಾಗುವುದಿಲ್ಲ. ನಾನೇ ಹೇಳುವವಳಾಗಿದ್ದೆ, ಎಷ್ಟು ಸಲ ಮರೆತಿದ್ದೇನೋ ಲೆಕ್ಕ ಇಲ್ಲ.

ಇಡ್ಲಿಯಮ್ಮ ಒಂದು ಬೆರಳು ಎತ್ತಿ "ಸೋ" ಅಂದಳು. ಒಬ್ಬಳೇ ಅಂತ. ಫಾದೊ ಒಬ್ಬಳೇ ಹಾಡುವುದು.

ಅಕ್ಟೋಬರ್ ನಡುವಿನಲ್ಲಿ ಆರ್ತುರ್ ಅಂತ ಒಬ್ಬ ಮುದುಕ ಬಂದ. ಅವಳ ಗಂಡನ ದೋಸ್ತಿ, ಗಂಡನ ನಂತರ ಅವಳಿಗೆ ಗಿಟಾರು ಬಾರಿಸುತ್ತಿದ್ದವನು. ನವೆಂಬರಿನಲ್ಲಿ ಅವರ ಸಂಘದಲ್ಲಿ ಚೆಸ್ಟ್‌ನಟ್ ಸುಡುವ ಹಬ್ಬ, ಚೆಸ್ಟ್‌ನಟ್ ಅಂದರೆ ನಮ್ಮ ಹಲಸಿನ ಬೀಜದ ಹಾಗಿನದ್ದು. ಅಲ್ಲಿ ಹಾಡಬೇಕು ಅಂತ ಕೇಳಲು ಬಂದದ್ದು. ಅವಳು ಆಗುವುದಿಲ್ಲ ಅಂದಳು. ಅವನು ಎರಡು ಕೈಯನ್ನೂ ಮೇಜಿನ ಮೇಲೆ ಇಟ್ಟ. ಬೆರಳಿನ ಗಂಟುಗಳು ಶುಂಠಿಯ ಹಾಗೆ ಊದಿದ್ದವು. ಮುಂದಿನ ವರ್ಷ ಈ ಕೈ ಬಾರಿಸುವುದಿಲ್ಲ ಅಂತ ಅದರ ಅರ್ಥ ಅಂತ ತಿಳಿಯಲು ಡಚ್ ಬೇಡ, ಪೋರ್ಚುಗೀಸೂ ಬೇಡ.

ಮರುದಿನ ಅವಳು ನಮ್ಮ ಅಡಿಗೆಮನೆಗೆ ಬಂದು ಬಾಗಿಲು ಹಾಕಿಕೊಂಡಳು. ನಾನು ಮೆಂತೆ ಹುರಿಯುತ್ತಿದ್ದೆ. ಕುರ್ಚಿಯ ಬೆನ್ನು ಹಿಡಿದು ಕಣ್ಣು ಮುಚ್ಚಿ ಹಾಡಿದಳು.

ಅವಳ ಸ್ವರ ಚಂದ ಅಂತ ನಾನು ಹೇಳುವುದಿಲ್ಲ. ಚಂದದ ಸ್ವರ ಟಿವಿಯಲ್ಲಿ ಬೇಕಾದಷ್ಟು ಬರುತ್ತದೆ. ಇವಳದು ಹೊಟ್ಟೆಯಿಂದ ಎದ್ದು ಗಂಟಲಲ್ಲಿ ಸ್ವಲ್ಪ ಒಡೆದು ಬರುವಂಥದ್ದು. ಮೆಂತೆ ಕರಟಿಹೋಯಿತು. ಮೂರನೇ ಚರಣದಲ್ಲಿ ಅವಳು ನಿಂತುಬಿಟ್ಟಳು. ಬಾಯಿ ತೆರೆದೇ ಇತ್ತು, ಸಾಲು ಇಲ್ಲ.

ಆಮೇಲೆ ದಿನಾ ಇದೇ. ಮನೆಯಲ್ಲಿ ಕೆಲವು ದಿನ ಸಾಲು ಬರುತ್ತಿತ್ತು, ಕೆಲವು ದಿನ ಇಲ್ಲ. ಕಾಗದದಲ್ಲಿ ಬರೆದು ಹಿಡಿದುಕೋ ಅಂತ ಸುಜಾತ ಹೇಳಿದ್ದಕ್ಕೆ ಅವಳಿಗೆ ಕೋಪ ಬಂತು. ಕಣ್ಣು ಮುಚ್ಚಿ ಹಾಡುವವಳು ಕಾಗದ ಹೇಗೆ ನೋಡುವುದು? ಒಂದು ದಿನ ಅವಳು ನಿಂತ ಕಡೆ ನನಗೆ ತಡೆಯಲಾಗದೆ ಓ ಅಂದುಬಿಟ್ಟೆ. ಅವಳು ಕಣ್ಣು ಬಿಟ್ಟು ತುಟಿಯ ಮೇಲೆ ಬೆರಳಿಟ್ಟಳು. ನನಗೂ ಸಿಟ್ಟು ಬಂತು. ನಿನ್ನ ಹಾಡು ನಿನಗೇ ಇರಲಿ ಅಂತ ಕನ್ನಡದಲ್ಲೇ ಹೇಳಿ ಸಾರಿಗೆ ಒಗ್ಗರಣೆ ಹಾಕಿದೆ. ಎರಡು ದಿನ ಅವಳು ಬರಲಿಲ್ಲ. ಮೂರನೇ ದಿನ ಬಂದು ಬಟಾಟೆಯ ಬುಟ್ಟಿ ಎಳೆದುಕೊಂಡಳು. ಆರ್ತುರ್‌ಗೆ ಬರುತ್ತೇನೆ ಅಂತ ಹೇಳಿದ್ದಾಳೆ ಅಂತ ಇಂಚರ ಹೇಳಿದಳು. ಇನ್ನೊಮ್ಮೆ ಶಾಲು ಮಡಚುವ ಹಾಗಾದರೆ ಅದನ್ನು ಮತ್ತೆ ಬಿಚ್ಚುವುದಿಲ್ಲ ಅಂತಲೂ ಹೇಳಿದ್ದಾಳಂತೆ.

ಚಳಿಗಾಲ ಬಂತು ಅಂತ ಇಲ್ಲಿಯವರೆಲ್ಲ ಗಡಿಯಾರವನ್ನು ಒಂದು ಗಂಟೆ ಹಿಂದೆ ತಿರುಗಿಸಿದರು. ಐದಕ್ಕೇ ಕತ್ತಲು. ಎಲೆಗಳೆಲ್ಲ ಉದುರಿ ಕಾಲುದಾರಿಯಲ್ಲಿ ಸೆಗಣಿಯ ಹಾಗೆ ಜಾರುತ್ತಿದ್ದವು. ನಾನು ಹೊರಡಲು ಒಂಬತ್ತು ದಿನ ಇರುವಾಗ ಆ ಭಾನುವಾರ ಬಂತು.

ಸುಜಾತ, ಇಂಚರ, ನಾನು ಟ್ರಾಮಿನಲ್ಲಿ ಹೋದೆವು. ಮಗುವನ್ನು ಅಳಿಯ ನೋಡಿಕೊಂಡ. ದಾರಿಯಲ್ಲಿ ಸುಜಾತ ಎರಡು ಸಲ ಹೇಳಿದಳು: "ಅಮ್ಮ, ಅಲ್ಲಿ ನೀನು ಬಾಯಿ ತೆರೆಯಬಾರದು. ಅದು ಗದ್ದೆ ಅಲ್ಲ." ಗದ್ದೆಗೂ ಹಾಲಿಗೂ ವ್ಯತ್ಯಾಸ ನನಗೆ ಗೊತ್ತುಂಟು ಅಂದೆ.

ಹಾಲಿನಲ್ಲಿ ಸುಟ್ಟ ಚೆಸ್ಟ್‌ನಟ್ಟಿನ ಹೊಗೆ, ವೈನಿನ ಹುಳಿ. ಐವತ್ತು ಅರುವತ್ತು ಜನ ಇದ್ದರು, ಹೆಚ್ಚಿನವರು ನಮ್ಮ ಪ್ರಾಯದವರೇ. ಮಧ್ಯಾಹ್ನ ಮೂರು ಗಂಟೆಗೆ ಪರದೆ ಎಳೆದು ಮೋಂಬತ್ತಿ ಹಚ್ಚಿದರು. ಕೋಟು ಹಾಕಿದ ಸಂಘದ ಯಜಮಾನ ಎದ್ದು ಎಲ್ಲರೂ ಸುಮ್ಮನಿರಿ ಅಂತ ಹೇಳಿದ. ಕೆಮ್ಮು ಬಂದವರು ಹೊರಗೆ ಹೋದರು. ಇಡ್ಲಿಯಮ್ಮ ಶಾಲು ಹೊದ್ದು ನಿಂತಳು. ನುಸಿಗುಳಿಗೆಯ ವಾಸನೆ ನನ್ನ ತನಕ ಬಂತು.

ಮೊದಲನೇ ಹಾಡು ಸರಿಯಾಯಿತು. ಎರಡನೆಯದೇ ಆ ಹಾಡು. ಒಂದು ಚರಣ ಆಯಿತು, ಎರಡು ಆಯಿತು. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದೆ. ಮೂರನೆಯದರ ಬಾಗಿಲಿಗೆ ಬಂದು ಅವಳು ನಿಂತಳು. ಆರ್ತುರ್ ಅದೇ ತುಂಡನ್ನು ಮತ್ತೊಮ್ಮೆ ಬಾರಿಸಿದ. ಇನ್ನೊಮ್ಮೆ ಬಾರಿಸಿದ. ಜನ ಕಲ್ಲಿನ ಹಾಗೆ ಕೂತಿದ್ದರು, ಬಹಳ ಮರ್ಯಾದಸ್ಥರು. ಆಗ ಅವಳ ಬಲಗೈ ಶಾಲಿನ ಅಂಚು ಹುಡುಕುವುದು ನನಗೆ ಕಂಡಿತು. ಮಡಚಲು.

ಯೋಚನೆ ಮಾಡಿ ಮಾಡಿದ್ದಲ್ಲ. ಗದ್ದೆಯ ಆ ಬದಿಗೆ ಕೇಳುವ ಹಾಗೆ, "ಓ ಬೇಲೇ" ಅಂತ ನನ್ನ ಬಾಯಿಯಿಂದ ಬಂತು.

ಸುಜಾತ ನನ್ನ ತೊಡೆ ಚಿವುಟಿದಳು. ಎಲ್ಲಾ ತಲೆಗಳೂ ನನ್ನ ಕಡೆ ತಿರುಗಿದವು. ಯಜಮಾನ ಅರ್ಧ ಎದ್ದ. ಇಡ್ಲಿಯಮ್ಮ ಕಣ್ಣು ಬಿಟ್ಟಳು. ಹಾಡುವಾಗ ಅವಳು ಕಣ್ಣು ಬಿಟ್ಟದ್ದು ಆ ಸಂಘದಲ್ಲಿ ಯಾರೂ ನೋಡಿರಲಿಲ್ಲವಂತೆ. ಆಗದ್ದು ಹೇಗೂ ಆಯಿತು, ಅರ್ಧಕ್ಕೆ ಬಿಟ್ಟರೆ ಇನ್ನೂ ಕೆಟ್ಟದು ಅಂತ ನಾನು ಮತ್ತೊಮ್ಮೆ ಎಳೆದು "ಓ" ಅಂದೆ. ಆರ್ತುರ್ ಗಿಟಾರಿನಿಂದ ನನ್ನ ಓ ಹಿಡಿದುಕೊಂಡು ಮೇಲೆ ಕೊಂಡುಹೋದ. ಅವಳ ಕೈ ಶಾಲು ಬಿಟ್ಟಿತು. ಮೂರನೇ ಓ ನಾನು ಮುಗಿಸಲೇ ಇಲ್ಲ, ಅದರ ಮೇಲೇ ಅವಳು ಸಾಲು ಹಾಕಿದಳು. ನಡುವೆ ಏನೂ ತಪ್ಪಿರಲಿಲ್ಲ ಅನ್ನುವ ಹಾಗೆ ಕೊನೆಯ ತನಕ ಹೋದಳು. ಕೊನೆಯ ಸಾಲನ್ನು ಕಣ್ಣು ಬಿಟ್ಟೇ ಹಾಡಿದಳು.

ಚಪ್ಪಾಳೆ ಆದ ಮೇಲೆ ಯಜಮಾನ ನಮ್ಮ ಮೇಜಿಗೆ ಬಂದ. ಕೋಪ ಇತ್ತು ಅವನಿಗೆ. ಫಾದೊದಲ್ಲಿ ಯಾರೂ ಮಾರುತ್ತರ ಕೊಡುವ ಕ್ರಮ ಇಲ್ಲ, ಈ ಹೆಂಗಸು ಯಾರು ಅಂತ ಡಚ್ಚಿನಲ್ಲಿ ಸುಜಾತನ ಹತ್ತಿರ ಕೇಳಿದ. ಸುಜಾತ ಕ್ಷಮಿಸಿ ಅಂತ ಶುರು ಮಾಡಿದ್ದಳು. ಇಡ್ಲಿಯಮ್ಮ ಅಷ್ಟರಲ್ಲಿ ಬಂದು ನನ್ನ ಭುಜದ ಮೇಲೆ ಕೈ ಇಟ್ಟು ಅವನಿಗೆ ಡಚ್ಚಿನಲ್ಲೇ ಏನೋ ಹೇಳಿದಳು. ಆರ್ತುರ್ ಮೇಜಿಗೆ ಬಡಿದು ನಕ್ಕ. ನಗುವುದು ಮುಗಿಸಿ ಇಂಚರ ನನಗೆ ಹೇಳಿದಳು:

"ಅಜ್ಜಿ, ಅವರು ಹೇಳಿದ್ದು, 'ಇವಳ ಹೆಸರು ಇಗರ್ಜಿ. ಇಗರ್ಜಿಯಲ್ಲಿ ಪಾದ್ರಿ ಹೇಳಿದ್ದಕ್ಕೆ ಜನ ಉತ್ತರ ಕೊಡ್ತಾರೆ' ಅಂತ."

ಒಂಬತ್ತು ದಿನ ಆದ ಮೇಲೆ ನಾನು ಊರಿಗೆ ಹೋದೆ. ಹೊರಡುವ ಬೆಳಿಗ್ಗೆ ಅವಳು ಅಳಲಿಲ್ಲ, ನಾನೂ ಇಲ್ಲ. ಅವಳ ಮನೆಯ ಇನ್ನೊಂದು ಚಾವಿಯನ್ನು ಹಗ್ಗಕ್ಕೆ ಕಟ್ಟಿ ತಂದು ನಮ್ಮ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದಳು. ಗಾಳಿ ಮತ್ತೆ ಬರುತ್ತದಲ್ಲ.

ಮೊನ್ನೆ ಬಂದಾಗ ಆ ಚಾವಿ ಅಲ್ಲೇ ಇತ್ತು. ನಾನು ಅದನ್ನು ಮುಟ್ಟಲಿಲ್ಲ, ಬಾಗಿಲು ಬಡಿದೇ ಹೋದೆ. ಅವಳು ಸ್ವಲ್ಪ ಬಗ್ಗಿದ್ದಾಳೆ. ಒಂದು ತುಂಡು ಬ್ರೆಡ್ಡಿನ ಮೇಲೆ ಇಡೀ ಬೂತಾಯಿ ಇಟ್ಟು ಕೈಗೆ ಕೊಟ್ಟಳು. ಉಪ್ಪು ಬಿಟ್ಟರೆ ಏನೂ ಹಾಕುವುದಿಲ್ಲ ಇವರು, ಖಾರ ಇಲ್ಲ, ಹುಳಿ ಇಲ್ಲ. ಆದರೂ ಎರಡು ತಿಂದೆ. ಆರ್ತುರ್‌ನ ಬೆರಳು ನಿಂತಿದೆ. ಅವನೇ ಕಲಿಸಿದ ಒಬ್ಬ ಹುಡುಗಿ ಈಗ ಗಿಟಾರು ಬಾರಿಸುತ್ತಾಳೆ. ಇಡ್ಲಿಯಮ್ಮ ತಿಂಗಳಿಗೊಂದು ಭಾನುವಾರ ಹಾಡುತ್ತಾಳೆ. ಈ ಭಾನುವಾರವೂ ಉಂಟು.

ಇಂಚರನಿಗೆ ಈಗ ಹತ್ತು ವರ್ಷ, ಕನ್ನಡ ಇನ್ನೂ ಅರ್ಧವೇ. ಅವಳ ಮೂಲಕ ಕೇಳಿಸಿದೆ, ಈ ಸಲ ನಾನು ಬಾಯಿ ಮುಚ್ಚಿ ಕೂರಬೇಕಾ, ಎಂತ ಅಂತ. ಇಡ್ಲಿಯಮ್ಮ ಕೆಂಡದ ಮೇಲಿನ ಮೀನು ಮಗುಚಿ ಹಾಕಿದಳು. ಮರೆತರೆ ಮಾತ್ರ ಓ ಅನ್ನು ಅಂದಳು.

"ಮರೆಯದಿದ್ದರೆ?"

"ಮರೆಯುತ್ತೇನೆ" ಅಂದಳು, ನಗುತ್ತಾ.